ದನಿ ಯಾರದು, ತಟ್ಟೆ ಯಾರದು?

ಸೊಲ್ಲಾಪುರ-ಹೈದರಾಬಾದ್ ಹೆದ್ದಾರಿಯ ಮೇಲಿರುವ ಯೆಣೆಗೂರ ಉಮರ್ಗಾ ತಾಲೂಕಿನ ಊರು. ಇಲ್ಲಿಂದ ನಿಲಂಗಾ, ಉದಗೀರದವರೆಗಿನ ಗಡಿಸೀಮೆಯಲ್ಲಿ ಕಚೇರಿಯ ಮಾತು ಮರಾಠಿ. ಅನೇಕ ಮನೆಗಳ ಮಾತು ಇಂದಿಗೂ ಕನ್ನಡ. ಈ ಕನ್ನಡವನ್ನು ಪುಸ್ತಕಗಳಿಗಿಂತ ಹೆಚ್ಚಾಗಿ ವಚನ, ತತ್ವಪದ, ಭಜನೆಗಳೇ ಕಾದುಕೊಂಡು ಬಂದಿವೆ. ಕ್ಯಾಸೆಟ್ಟಿನ ಕಾಲ ಬಂದಾಗ ಈ ಹಾಡುಗಳು ಜಾತ್ರೆಯ ಅಂಗಡಿ ಸೇರಿದವು. ಹಾಡಿದವರಿಗೆ ಸಿಕ್ಕಿದ್ದು ಹೆಚ್ಚಾಗಿ ಒಂದೇ ಸಲದ ಸಂಭಾವನೆ, ಒಂದು ಶಾಲು, ನಾಲ್ಕಾರು ಕ್ಯಾಸೆಟ್ಟು. ಅದೇ ಕ್ಯಾಸೆಟ್ಟು ವರ್ಷಗಟ್ಟಲೆ ಮಾರಾಟವಾದರೂ ಕೇಳುವ ಹಕ್ಕು ಅವರಿಗಿರಲಿಲ್ಲ. ತನ್ನ ದನಿಯ ಮೇಲೆ ಹಾಡುಗಾರನಿಗೇ ಹಕ್ಕಿಲ್ಲದ ಸ್ಥಿತಿ ಹೇಗೆ ಬಂತು ಎಂಬುದಕ್ಕೆ ನೂರಿಪ್ಪತ್ತು ವರ್ಷಕ್ಕೂ ಮೀರಿದ ಇತಿಹಾಸವಿದೆ.

ಈಚೆಗೆ ಈ ಪ್ರಶ್ನೆಯನ್ನು ಜಗತ್ತಿನ ಮುಂದಿಟ್ಟವರು ಅಮೆರಿಕದ ಗಾಯಕಿ ಟೇಲರ್ ಸ್ವಿಫ್ಟ್. ಅವರ ಮೊದಲ ಆರು ಆಲ್ಬಮ್‌ಗಳ ಮೂಲ ಮುದ್ರಿಕೆಗಳು 2019ರಲ್ಲಿ ಕಂಪನಿಯ ಮಾರಾಟದೊಂದಿಗೆ ಪರರ ಪಾಲಾದವು. ಅವರು 2021ರಿಂದ 2023ರೊಳಗೆ ನಾಲ್ಕು ಆಲ್ಬಮ್‌ಗಳನ್ನು ಹೊಸದಾಗಿ ಹಾಡಿ ಹೊರತಂದರು. 2025ರಲ್ಲಿ ಹಳೆಯ ಮುದ್ರಿಕೆಗಳನ್ನೂ ಕೊಂಡುಕೊಂಡರು. ಇದು ಹೊಸ ಉಪಾಯವೇನಲ್ಲ. ಫ್ರಾಂಕ್ ಸಿನಾತ್ರಾ 1960ರಲ್ಲಿ ಸ್ವಂತ ಕಂಪನಿ ಕಟ್ಟಿ, 1963ರಲ್ಲಿ ತಮ್ಮ ಹಳೆಯ ಜನಪ್ರಿಯ ಹಾಡುಗಳನ್ನು ಮತ್ತೆ ಹಾಡಿದ್ದರು. ಕಾನೂನಿನಲ್ಲಿ ಹಾಡಿನ ಹಕ್ಕು ಬೇರೆ, ಅದನ್ನು ಮುದ್ರಿಸಿದ ತಟ್ಟೆಯ ಹಕ್ಕು ಬೇರೆ. ಈ ಉಪಾಯ ನಿಂತಿರುವುದು ಆ ಭೇದದ ಮೇಲೆಯೇ.

ನಮ್ಮಲ್ಲಿ ಈ ಕತೆ ಗೋಹರ್ ಜಾನ್ ಅವರಿಂದ ಆರಂಭವಾಗುತ್ತದೆ. 1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಅವರ ಹಾಡು ಮುದ್ರಿಸಿದರು. ತಟ್ಟೆಗಳು ತಯಾರಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಹಾಡಿದವರು ಯಾರೆಂದು ಅಲ್ಲಿನ ಕೆಲಸಗಾರರಿಗೆ ತಿಳಿಯಲೆಂದು ಹಾಡಿನ ಕೊನೆಗೆ ಅವರು ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳುತ್ತಿದ್ದರು. ತಟ್ಟೆಯ ಮೇಲೆ ಅವರದೆಂದು ಉಳಿದದ್ದು ಆ ಹೆಸರೊಂದೇ. ಅವರು 1928ರಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು.

ಮಿರಜದಲ್ಲಿ ನೆಲೆಸಿದ್ದ ಅಬ್ದುಲ್ ಕರೀಂ ಖಾನರು ಇಪ್ಪತ್ತನೆಯ ಶತಮಾನದ ಆರಂಭದಲ್ಲೊಮ್ಮೆ, ಮತ್ತೆ 1930ರ ದಶಕದಲ್ಲಿ ಓಡಿಯನ್ ಕಂಪನಿಗೆ ಹಾಡಿದರು. ಅದು ಹಕ್ಕಿಗಾಗಿ ನಡೆದದ್ದಲ್ಲ. ಆದರೆ ಒಬ್ಬರೇ ಗಾಯಕರ ಎರಡು ಕಾಲದ ದನಿ ನಮಗೆ ಉಳಿಯಿತು. ಅವರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವರು. ಸವಾಯಿ ಗಂಧರ್ವರ ಶಿಷ್ಯೆ ಗಂಗೂಬಾಯಿ ಹಾನಗಲ್. ಗಂಗೂಬಾಯಿಯವರ 1930ರ ದಶಕದ ತಟ್ಟೆಗಳಲ್ಲಿ ಕೇಳುವುದು ತೆಳುವಾದ ಎತ್ತರದ ದನಿ. ಗಂಟಲಿನ ಚಿಕಿತ್ಸೆಯ ನಂತರ ಅದು ನಾವೆಲ್ಲ ಬಲ್ಲ ಗಂಭೀರ ದನಿಯಾಯಿತು. ಅದೇ ಬಂದಿಶನ್ನು ಅವರು ಮತ್ತೆ ಹಾಡಿದರೂ ಹಳೆಯ ದನಿ ಮರಳುವಂತಿರಲಿಲ್ಲ. ತಾವೇ ಹಾಡು ಬರೆದವರಿಗೆ ಮರುಮುದ್ರಣದಿಂದ ಹಕ್ಕು ಸಿಗಬಹುದು. ನಮ್ಮ ಗಾಯಕರು ಹಾಡುವ ಬಂದಿಶ್ ಪರಂಪರೆಯದು, ವಚನ ಶರಣರದು. ಅವರ ಸ್ವಂತದ್ದೆಂದರೆ ಆ ದಿನದ ದನಿ ಮಾತ್ರ. ಅದನ್ನೇ ಅವರು ಬರೆದುಕೊಟ್ಟಿದ್ದರು.

1957ರ ಕೃತಿಸ್ವಾಮ್ಯ ಕಾಯಿದೆ ಮುದ್ರಿಕೆಯ ಹಕ್ಕನ್ನು ಅದರ ತಯಾರಕನಿಗೆ ಕೊಟ್ಟಿತು. ಹಾಡು ಒಮ್ಮೆ ಮುದ್ರಣವಾದ ಮೇಲೆ, ನಿಗದಿತ ರಾಯಧನ ಕಟ್ಟಿ, ಯಾರು ಬೇಕಾದರೂ ಅದನ್ನು ಹೊಸದಾಗಿ ಹಾಡಿಸಬಹುದು ಎಂಬ ಅವಕಾಶವೂ ಅದರಲ್ಲಿತ್ತು. ಮರುಮುದ್ರಣದ ಬಾಗಿಲು ತೆರೆದೇ ಇತ್ತೆಂದಾಯಿತು. ಆದರೆ 1980ರ ದಶಕದಲ್ಲಿ ಅದರೊಳಗೆ ನುಗ್ಗಿದವರು ಕ್ಯಾಸೆಟ್ ವ್ಯಾಪಾರಿಗಳು. ಟಿ-ಸೀರೀಸಿನಂಥ ಕಂಪನಿಗಳು ಹಳೆಯ ಚಿತ್ರಗೀತೆಗಳನ್ನು ಹೊಸ ಗಾಯಕರಿಂದ ಹಾಡಿಸಿ ಅಗ್ಗಕ್ಕೆ ಮಾರಿದವು. ಮೊದಲು ಹಾಡಿದವರಿಗೆ ಅದರಲ್ಲಿ ಪಾಲಿರಲಿಲ್ಲ.

ಈ ಅನ್ಯಾಯವನ್ನು ನ್ಯಾಯಪೀಠದಿಂದಲೇ ಎತ್ತಿ ಹೇಳಿದವರು ಕೇರಳದ ವಿ. ಆರ್. ಕೃಷ್ಣ ಅಯ್ಯರ್. 1977ರಲ್ಲಿ ಸುಪ್ರೀಂ ಕೋರ್ಟಿನ ಮುಂದಿದ್ದದ್ದು ಚಿತ್ರಗೀತೆಗಳ ರಚನಕಾರರಿಗೂ ನಿರ್ಮಾಪಕರಿಗೂ ನಡುವಿನ ವ್ಯಾಜ್ಯ. ತೀರ್ಪು ನಿರ್ಮಾಪಕರ ಕಡೆಗಾಯಿತು. ಆದರೆ ನಮ್ಮ ಕಾನೂನು ಹಾಡುಗಾರನನ್ನು ಮರೆತಿದೆ, ಸಂಸತ್ತು ಇದನ್ನು ಸರಿಪಡಿಸಬೇಕು ಎಂಬರ್ಥದ ಪ್ರತ್ಯೇಕ ಟಿಪ್ಪಣಿಯನ್ನು ಅವರು ಸೇರಿಸಿದರು. ಕೇರಳದಲ್ಲೇ ಯೇಸುದಾಸ್ 1980ರಲ್ಲಿ ತರಂಗಿಣಿ ಸಂಸ್ಥೆ ಸ್ಥಾಪಿಸಿ, ಹಾಡುಗಾರನೇ ಮುದ್ರಿಕೆಯ ಒಡೆಯನಾಗಬಹುದೆಂದು ತೋರಿಸಿದರು. ಕಾನೂನು ನಿಧಾನವಾಗಿ ಬಂತು. 1994ರ ತಿದ್ದುಪಡಿ ಪ್ರದರ್ಶಕರ ಹಕ್ಕನ್ನು ಮೊದಲ ಬಾರಿಗೆ ಒಪ್ಪಿತು. 2012ರ ತಿದ್ದುಪಡಿ ಹಾಡುಗಾರರಿಗೂ ರಾಯಧನದ ಹಕ್ಕು ಕೊಟ್ಟಿತು. ಮರುಮುದ್ರಣಕ್ಕೆ ಕಾಯಬೇಕಾದ ಎರಡು ವರ್ಷವನ್ನು ಐದಕ್ಕೆ ಏರಿಸಿತು.

ಮುದ್ರಿಕೆಯ ಹಕ್ಕಿಗೆ ಅರವತ್ತು ವರ್ಷದ ಮಿತಿಯಿದೆ. ಹಾಗಾಗಿ ಗೋಹರ್ ಜಾನ್, ಕರೀಂ ಖಾನರ ತಟ್ಟೆಗಳು, ಗಂಗೂಬಾಯಿಯವರ ಆರಂಭದ ತಟ್ಟೆಗಳು ಇಂದು ಎಲ್ಲರ ಸ್ವತ್ತು. ಕಂಪನಿಯ ಹಿಡಿತ ತಪ್ಪಿತು, ನಿಜ. ಆದರೆ ಅದನ್ನು ಕಾಣಲು ಹಾಡಿದವರು ಉಳಿದಿಲ್ಲ.

ನಮ್ಮ ಊರುಗಳಲ್ಲಿ ಏಕತಾರಿ ಹಿಡಿದು ತತ್ವಪದ ಹಾಡುವ ಹಿರಿಯರು ಇನ್ನೂ ಇದ್ದಾರೆ. ಈಗ ಅವರ ಹಾಡು ಹಿಡಿಯಲು ಕಲ್ಕತ್ತೆಯಿಂದ ಯಾರೂ ಬರಬೇಕಿಲ್ಲ. ಮೊಮ್ಮಗನ ಮೊಬೈಲೇ ಸಾಕು. ಹಳೆಯ ಕ್ಯಾಸೆಟ್ಟಿನ ಹಾಡನ್ನೂ ಅವರಿಂದ ಇನ್ನೊಮ್ಮೆ ಹಾಡಿಸಿಕೊಳ್ಳಬಹುದು. ಆಗ ಹಾಡಿದವರ ಹೆಸರು, ಊರು, ತಾರೀಖು ಬರೆದಿಡಬೇಕು. ಒಂದು ಪ್ರತಿ ಅವರ ಮನೆಯಲ್ಲೇ ಉಳಿಯಬೇಕು. ಹೊರಗಿನವರು ಮುದ್ರಿಸಲು ಬಂದರೆ, ಸಹಿ ಹಾಕುವ ಮೊದಲು ಆ ಕಾಗದವನ್ನು ಅವರಿಗೆ ಕನ್ನಡದಲ್ಲಿ ಓದಿ ಹೇಳುವವರು ಮನೆಯಲ್ಲೊಬ್ಬರು ಇರಬೇಕು.