ಆನೆ ಏರಿ ಹಾಲಿವುಡ್ಡಿಗೆ

ಬೀಳಗಿಯ ಅಮೀರಬಾಯಿ ಕರ್ನಾಟಕಿ ಮುಂಬಯಿಗೆ ಹೋಗಿ ನಟಿಯಾಗಿ, ಗಾಯಕಿಯಾಗಿ ಹೆಸರು ಮಾಡಿದ್ದು ಜಮಖಂಡಿ, ಮುಧೋಳ ಸೀಮೆಯವರಿಗೆ ಹೊಸ ಸಂಗತಿಯಲ್ಲ. ಆಕೆ ಅಲ್ಲಿ ನೆಲೆ ಕಂಡುಕೊಳ್ಳುತ್ತಿದ್ದ 1930ರ ದಶಕದಲ್ಲೇ ಕನ್ನಡ ನಾಡಿನ ದಕ್ಷಿಣ ತುದಿಯಿಂದ ಹುಡುಗನೊಬ್ಬ ಇನ್ನೂ ದೂರದ ಲಂಡನ್ನಿಗೆ, ಅಲ್ಲಿಂದ ಹಾಲಿವುಡ್ಡಿಗೆ ಹೋದ. ಅವನೇ ಸಾಬು.

ಸಾಬು ಹುಟ್ಟಿದ್ದು 1924ರಲ್ಲಿ, ಹೆಗ್ಗಡದೇವನಕೋಟೆ ಸೀಮೆಯ ಕಾರಾಪುರದಲ್ಲಿ. ತಂದೆ ಮೈಸೂರು ಮಹಾರಾಜರ ಆನೆಗಳ ಮಾವುತ. ಅವರು ತೀರಿಕೊಂಡ ಮೇಲೆ ಹುಡುಗನಿಗೆ ಅರಮನೆಯ ಆನೆಲಾಯವೇ ಆಸರೆಯಾಯಿತು. 1935ರಲ್ಲಿ ರಾಬರ್ಟ್ ಫ್ಲಾಹರ್ಟಿ ಕಿಪ್ಲಿಂಗನ ಕಥೆಯೊಂದನ್ನು ಚಿತ್ರವಾಗಿಸಲು ಮೈಸೂರಿಗೆ ಬಂದ. ಅವನ ಛಾಯಾಗ್ರಾಹಕ ಓಸ್ಮಂಡ್ ಬೊರಡೇಲ್‌ನ ಕಣ್ಣಿಗೆ ಸಾಬು ಬಿದ್ದ. ನಟನೆ ಕಲಿಸಬಹುದು, ಆನೆಯ ಸಲುಗೆಯನ್ನು ಕಲಿಸುವುದು ಹೇಗೆ? 'ಎಲಿಫೆಂಟ್ ಬಾಯ್' ಚಿತ್ರದಲ್ಲಿ ಅವನ ಜೊತೆಗಿದ್ದುದು ಅರಮನೆಯದೇ ಆನೆ ಐರಾವತ. ಉಳಿದ ಭಾಗದ ಚಿತ್ರೀಕರಣ ಲಂಡನ್ ಬಳಿಯ ಡೆನ್‌ಹ್ಯಾಮ್ ಸ್ಟುಡಿಯೋದಲ್ಲಿ, ಜೋಲ್ಟನ್ ಕೊರ್ಡಾನ ಕೈಯಲ್ಲಿ ನಡೆಯಿತು. 1937ರಲ್ಲಿ ವೆನಿಸ್ ಚಿತ್ರೋತ್ಸವ ಇಬ್ಬರಿಗೂ ನಿರ್ದೇಶನದ ಪ್ರಶಸ್ತಿ ಕೊಟ್ಟಿತು.

ಅಂದಹಾಗೆ, ಅವನ ಹೆಸರನ್ನು ಸಾಬು ದಸ್ತಗೀರ್ ಎಂದು ಬರೆಯುವುದು ರೂಢಿ. ಆದರೆ ದಸ್ತಗೀರ್ ಎಂಬುದು ಅವನ ಜೊತೆಗೆ ಹೋದ ಅಣ್ಣನ ಹೆಸರೆಂದು ಅವನ ಚರಿತ್ರೆ ಬರೆದವರು ಹೇಳುತ್ತಾರೆ.

ಮುಂದಿನ ಚಿತ್ರ 'ದಿ ಡ್ರಮ್' (1938) ಬ್ರಿಟಿಷ್ ಆಳ್ವಿಕೆಯನ್ನು ಹೊಗಳುವಂಥದ್ದು. ಮುಂಬಯಿಯಲ್ಲಿ ಜನ ಅದರ ವಿರುದ್ಧ ಬೀದಿಗಿಳಿದರು. ಹದಿನಾಲ್ಕು ವರ್ಷದ ಹುಡುಗನನ್ನು ಇದಕ್ಕೆ ಹೊಣೆ ಮಾಡುವುದು ನ್ಯಾಯವಲ್ಲ. 'ದಿ ಥೀಫ್ ಆಫ್ ಬಾಗ್ದಾದ್' ತಯಾರಾಗುತ್ತಿದ್ದಾಗ ಯುದ್ಧ ಶುರುವಾಯಿತು. ಕೊರ್ಡಾ ಬಳಗ ಉಳಿದ ಕೆಲಸವನ್ನು ಅಮೆರಿಕದಲ್ಲಿ ಮುಗಿಸಿತು. 1940ರಲ್ಲಿ ತೆರೆಕಂಡ ಆ ಚಿತ್ರದ ಕಳ್ಳನ ಪಾತ್ರವೇ ಅವನ ಅತ್ಯುತ್ತಮ ಕೆಲಸ ಎನ್ನಬೇಕು. 1942ರಲ್ಲಿ 'ಜಂಗಲ್ ಬುಕ್'ನ ಮೌಗ್ಲಿಯಾದ.

ಆಮೇಲೆ ಯೂನಿವರ್ಸಲ್ ಕಂಪನಿ ಮರಿಯಾ ಮಾಂಟೆಜ್, ಜಾನ್ ಹಾಲ್ ಜೋಡಿಯ ಬಣ್ಣದ ಚಿತ್ರಗಳಲ್ಲಿ ಅವನಿಗೆ ಬಂಟನ ಪಾತ್ರಗಳನ್ನು ಕೊಟ್ಟಿತು. ರುಮಾಲು, ಲಂಗೋಟಿ, ಕಾಡುಪ್ರಾಣಿ, ಇವನ್ನು ಬಿಟ್ಟು ಅವನನ್ನು ಕಾಣಲು ಹಾಲಿವುಡ್ಡಿಗೆ ಕಣ್ಣಿರಲಿಲ್ಲ. 1944ರಲ್ಲಿ ಅಮೆರಿಕದ ಪೌರತ್ವ ಪಡೆದು ವಾಯುಪಡೆ ಸೇರಿದ. ಪೆಸಿಫಿಕ್ ರಂಗದಲ್ಲಿ ಬಿ-24 ಬಾಂಬರ್ ವಿಮಾನದ ಗನ್ನರ್ ಆಗಿ ಹೋರಾಡಿ 'ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್' ಪದಕ ಗಳಿಸಿದ. ಇಷ್ಟಾಗಿ ತಿರುಗಿ ಬಂದ ಯೋಧನಿಗೂ ಸಿಕ್ಕಿದ್ದು ಹಳೆಯ ವೇಷಗಳೇ. 'ಬ್ಲ್ಯಾಕ್ ನಾರ್ಸಿಸಸ್' (1947) ಚಿತ್ರದ ಅತ್ತರುಪ್ರಿಯ ಯುವರಾಜ ಒಂದು ಅಪವಾದ. ಬಾಲಕನಲ್ಲಿ ಮೆಚ್ಚಿದ್ದನ್ನೇ ಗಂಡಸಿನಿಂದಲೂ ಕೇಳಿದರೆ ನಟ ಬೆಳೆಯುವುದೆಲ್ಲಿ? 1952ರಲ್ಲಿ ಲಂಡನ್ನಿನ ಹ್ಯಾರಿಂಗೇ ಸರ್ಕಸ್ಸಿನಲ್ಲಿ ಆನೆಗಳೊಂದಿಗೆ ಪ್ರದರ್ಶನ ಕೊಟ್ಟ.

ತಾಯ್ನಾಡಿನ ಬಾಗಿಲು ಒಮ್ಮೆ ಅರ್ಧ ತೆರೆಯಿತು. 'ಮದರ್ ಇಂಡಿಯಾ'ದ ಬಿರ್ಜು ಪಾತ್ರಕ್ಕೆ ಮೆಹಬೂಬ್ ಖಾನ್ ಸಾಬುವನ್ನು ಯೋಚಿಸಿದ್ದರು. ಅದು ಕೈಗೂಡದೆ ಪಾತ್ರ ಸುನೀಲ್ ದತ್‌ಗೆ ಹೋಯಿತು.

ಸಾಬು 1963ರ ಡಿಸೆಂಬರ್ 2ರಂದು ಹೃದಯಾಘಾತದಿಂದ ತೀರಿಕೊಂಡ. ವಯಸ್ಸು 39. ಕೊನೆಯ ಚಿತ್ರ 'ಎ ಟೈಗರ್ ವಾಕ್ಸ್' ಮರುವರ್ಷ ತೆರೆಗೆ ಬಂತು. ಅದರಲ್ಲಿ ಅವನದು ಸರ್ಕಸ್ ಹುಲಿಯನ್ನು ಪಳಗಿಸುವವನ ಪಾತ್ರ.