ಮಿರಿಜ್ಜಿ ಸಿಂಡ್ರೋಮ್: ಪಿತ್ತನಾಳವನ್ನು ಹೊರಗಿನಿಂದ ಅದುಮುವ ಕಲ್ಲು

ರೋಗಿಗೆ ಕಾಮಾಲೆ. ಕಲ್ಲಿರುವುದು ಪಿತ್ತಕೋಶದಲ್ಲಿ, ಮುಖ್ಯ ಪಿತ್ತನಾಳದೊಳಗೆ ಏನೂ ಇಲ್ಲ. ಆದರೂ ಪಿತ್ತರಸ ಕರುಳಿಗೆ ಇಳಿಯುತ್ತಿಲ್ಲ. ಅರ್ಜೆಂಟೀನಾದ ಕಾರ್ಡೊಬಾದ ಶಸ್ತ್ರವೈದ್ಯ ಪ್ಯಾಬ್ಲೊ ಮಿರಿಜ್ಜಿ 1948ರಲ್ಲಿ ವಿವರಿಸಿದ್ದು ಈ ಸ್ಥಿತಿಯನ್ನೇ. ಪಿತ್ತಕೋಶದ ಕುತ್ತಿಗೆಯಲ್ಲೋ ಅದರ ನಾಳದಲ್ಲೋ ಸಿಕ್ಕಿಕೊಂಡ ಕಲ್ಲು, ಪಕ್ಕದಲ್ಲೇ ಹಾದುಹೋಗುವ ಯಕೃತ್ತಿನ ನಾಳವನ್ನು ಒತ್ತಿ ಹಿಡಿಯುತ್ತದೆ. ನಾಳದ ಸ್ನಾಯುಗಳೂ ಬಿಗಿದುಕೊಳ್ಳುತ್ತವೆ ಎಂಬ ಅವರ ಊಹೆ ಮುಂದೆ ನಿಲ್ಲಲಿಲ್ಲ, ಹೆಸರು ಮಾತ್ರ ನಿಂತಿತು.

ಒತ್ತಡ ಮುಂದುವರಿದರೆ ಪಿತ್ತಕೋಶಕ್ಕೂ ಆ ನಾಳಕ್ಕೂ ನಡುವಿನ ಗೋಡೆಯೇ ಸವೆದು ತೂತಾಗುತ್ತದೆ. ಚಿಲಿಯ ಚೆಂಡೆಸ್ ಮತ್ತು ಸಂಗಡಿಗರು 1989ರಲ್ಲಿ ಮಾಡಿದ ವರ್ಗೀಕರಣ ಈ ಸವೆತವನ್ನೇ ಅಳೆಯುತ್ತದೆ: ಮೊದಲ ಬಗೆಯಲ್ಲಿ ಬರಿಯ ಒತ್ತಡ, ಎರಡರಲ್ಲಿ ನಾಳದ ಸುತ್ತಳತೆಯ ಮೂರನೇ ಒಂದರೊಳಗಿನ ತೂತು, ಮೂರರಲ್ಲಿ ಮೂರನೇ ಎರಡರವರೆಗೆ, ನಾಲ್ಕರಲ್ಲಿ ಗೋಡೆ ಪೂರ್ತಿ ನಾಶ.

ಅಲ್ಟ್ರಾಸೌಂಡ್‌ನಲ್ಲಿ ಕಲ್ಲಿನ ಮೇಲ್ಭಾಗದ ನಾಳಗಳು ಹಿಗ್ಗಿ, ಕೆಳಭಾಗದ್ದು ಸಹಜವಾಗಿ ಕಂಡರೆ ಅನುಮಾನ ಹುಟ್ಟಬೇಕು. ಪಿತ್ತನಾಳಗಳ ಎಂಆರ್‌ಐ ಆದ ಎಂಆರ್‌ಸಿಪಿ ಚಿತ್ರ ಅದನ್ನು ಗಟ್ಟಿಮಾಡುತ್ತದೆ; ಬಾಯಿಯಿಂದ ಎಂಡೋಸ್ಕೋಪ್ ಇಳಿಸಿ ಮಾಡುವ ಇಆರ್‌ಸಿಪಿ ತೂತನ್ನು ತೋರಿಸುವುದಲ್ಲದೆ, ಸ್ಟೆಂಟ್ ಹಾಕಿ ಕಾಮಾಲೆ ಇಳಿಸಲೂ ನೆರವಾಗುತ್ತದೆ. ಗೊಂದಲ ಹೆಚ್ಚುವುದು ಕ್ಯಾನ್ಸರ್ ವಿಷಯದಲ್ಲಿ. ಪಿತ್ತಕೋಶದ ಕ್ಯಾನ್ಸರ್ ಕೂಡ ಹೀಗೆಯೇ ಕಾಣಬಹುದು. ಸಿಎ 19-9 ಎಂಬ ರಕ್ತಪರೀಕ್ಷೆಯನ್ನು ನೆಚ್ಚುವಂತಿಲ್ಲ, ಪಿತ್ತ ಕಟ್ಟಿಕೊಂಡರೂ ಅದು ಏರುತ್ತದೆ.

ನಿಜವಾದ ಅಪಾಯ ಇರುವುದು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ. ಪಿತ್ತಕೋಶದ ನಾಳಕ್ಕೂ ಯಕೃತ್ತಿನ ನಾಳಕ್ಕೂ ನಡುವಿನ, ಕಾಲೊ ತ್ರಿಕೋನ ಎಂದು ಕರೆಯುವ ಜಾಗ ಉರಿಯೂತದಿಂದ ಗಟ್ಟಿಯಾಗಿ, ಗುರುತುಗಳೆಲ್ಲ ಅಳಿಸಿಹೋಗಿರುತ್ತವೆ. ಪಿತ್ತಕೋಶವನ್ನು ಎಳೆದರೆ ಅಂಟಿಕೊಂಡ ಮುಖ್ಯ ನಾಳವೂ ಜೊತೆಗೇ ಬರುತ್ತದೆ. ಅದನ್ನೇ ಪಿತ್ತಕೋಶದ ನಾಳವೆಂದು ತಿಳಿದು ಕ್ಲಿಪ್ ಹಾಕಿದರೆ ಮುಗಿಯಿತು. ಹಾಗಾಗಿ ಅನುಭವಿಗಳು ತ್ರಿಕೋನವನ್ನು ಕೆದಕದೆ, ಪಿತ್ತಕೋಶದ ತುದಿಯನ್ನು ಬಿಚ್ಚಿ ಮೊದಲು ಕಲ್ಲನ್ನು ತೆಗೆಯುತ್ತಾರೆ. ಕಲ್ಲು ಹೊರಬಂದ ಕೂಡಲೇ ಅದೇ ಜಾಗದಿಂದ ಪಿತ್ತ ಹರಿದುಬಂದರೆ ಒಳಗೆ ತೂತಿರುವುದು ಬಹುಪಾಲು ಖಚಿತ.

ತೂತಿಲ್ಲದಿದ್ದರೆ ಪಿತ್ತಕೋಶವನ್ನು ಪೂರ್ತಿಯಾಗಿಯೋ ಭಾಗಶಃವೋ ತೆಗೆದರೆ ಸಾಕು. ಭಾಗಶಃ ತೆಗೆಯುವುದನ್ನು ಸೋಲೆಂದು ಎಣಿಸುವ ಶಸ್ತ್ರವೈದ್ಯರು ಈಗಲೂ ಇದ್ದಾರೆ. ಇಲ್ಲಿ ಅದೇ ಜಾಣತನ. ಸಣ್ಣ ತೂತಿದ್ದರೆ ಪಿತ್ತಕೋಶದ ಗೋಡೆಯ ಒಂದು ಪಟ್ಟಿಯನ್ನು ಉಳಿಸಿಕೊಂಡು, ಅದರಿಂದಲೇ ತೂತನ್ನು ಹೊಲಿದು ಮುಚ್ಚಬಹುದು. ಗೋಡೆಯೇ ಉಳಿಯದ ನಾಲ್ಕನೇ ಬಗೆಯಲ್ಲಿ ಸಣ್ಣ ಕರುಳಿನ ಕುಣಿಕೆಯನ್ನು ಮೇಲೆತ್ತಿ ಯಕೃತ್ತಿನ ನಾಳಕ್ಕೆ ಜೋಡಿಸುತ್ತಾರೆ. ಅಂಥ ಹೊತ್ತಿನಲ್ಲಿ ಲ್ಯಾಪರೊಸ್ಕೋಪಿ ಬಿಟ್ಟು ಹೊಟ್ಟೆ ತೆರೆಯಲು ಹಿಂಜರಿಯಬಾರದು.

ದಾರಿ ತೋಚದಾಗ ಆಪರೇಷನ್ ನಡುವೆಯೇ ನಾಳಕ್ಕೆ ಚಿತ್ರದಲ್ಲಿ ಎದ್ದುಕಾಣುವ ದ್ರಾವಣ ಹರಿಸಿ ಎಕ್ಸ್‌ರೇ ತೆಗೆಯುತ್ತಾರೆ. ಅದನ್ನು 1931ರಲ್ಲಿ ಮೊದಲು ಮಾಡಿದವರೂ ಮಿರಿಜ್ಜಿಯೇ. ತೆಗೆದ ಪಿತ್ತಕೋಶವನ್ನು ಮಾತ್ರ ತಪ್ಪದೆ ಪೆಥಾಲಜಿ ವಿಭಾಗಕ್ಕೆ ಕಳಿಸಬೇಕು: ಕಲ್ಲಿನ ಹಿಂದೆ ಕ್ಯಾನ್ಸರ್ ಅಡಗಿದ್ದದ್ದು ಅಲ್ಲಿ ಪತ್ತೆಯಾದ ಪ್ರಕರಣಗಳಿವೆ.