ಮಗ್ಗದೂರಿನ ಸಭೆ, ಧಾರವಾಡದ ಗೋರಿಗಳು

ಆಲಮಟ್ಟಿಯಿಂದ ಕೃಷ್ಣೆ ದಾಟಿ ದಕ್ಷಿಣಕ್ಕೆ ಹೊರಟರೆ ಬಾಗಲಕೋಟೆಯ ಆಚೆ ಗುಳೇದಗುಡ್ಡ ಸಿಗುತ್ತದೆ. ಖಣದ, ಅಂದರೆ ರವಿಕೆ ಬಟ್ಟೆ ನೇಯುವ, ಊರು. ಬಾಸೆಲ್ ಮಿಶನ್ ಎಂಬ ಕ್ರೈಸ್ತ ಪಾದ್ರಿಗಳ ಸಂಸ್ಥೆಯವರು ಇಲ್ಲಿ ನೆಲೆಯೂರಿದ್ದು 1851ರಲ್ಲಿ. ಹಳೆಯ ಚರ್ಚು, ಗೋರಿಗಳನ್ನು ನೋಡಬೇಕೆನ್ನುವವರು ನೇರ ಧಾರವಾಡದ ಬಸ್ಸು ಹತ್ತುತ್ತಾರೆ. ನನ್ನ ಮಾತು ಕೇಳುವುದಾದರೆ ಮೊದಲು ಇಲ್ಲಿ ಇಳಿಯಬೇಕು.

ಹೆಬಿಕ್, ಲೇನರ್, ಗ್ರೈನರ್ ಎಂಬ ಮಿಶನ್ನಿನ ಮೂವರು ಪಾದ್ರಿಗಳು ಮಂಗಳೂರಿಗೆ ಬಂದದ್ದು 1834ರ ಅಕ್ಟೋಬರದಲ್ಲಿ. 1837ಕ್ಕೆ ಮಿಶನ್ ಧಾರವಾಡ ಮುಟ್ಟಿತು. 1839ಕ್ಕೆ ಹುಬ್ಬಳ್ಳಿ, 1841ಕ್ಕೆ ಬೆಟಗೇರಿ. ಠಾಣೆಗಳು ಹೆಚ್ಚಿದವು, ಕ್ರೈಸ್ತ ಸಭೆಗೆ ಸೇರುವವರು ಅಷ್ಟಾಗಿ ಹೆಚ್ಚಲಿಲ್ಲ. ಸೇರಿದವರ ಪಾಡೋ, ದೀಕ್ಷಾಸ್ನಾನ ಪಡೆದ ದಿನವೇ ಮನೆ, ಕುಲ, ಕಸಬು ಎಲ್ಲ ದೂರ. ಅವರ ಹೊಟ್ಟೆಪಾಡು ಮಿಶನ್ನಿನ ತಲೆಯ ಮೇಲೆ ಬಿತ್ತು. ಗದಗಿನ ಬಳಿಯ ಮಲ್ಲಸಮುದ್ರದಲ್ಲಿ ಬೇಸಾಯದ ವಸಾಹತು ಮಾಡಿ ನೋಡಿದರು, ನಿಲ್ಲಲಿಲ್ಲ. ಮಂಗಳೂರಿನಲ್ಲಿ ನೇಯ್ಗೆ ಶಾಲೆ, 1865ರ ಹೆಂಚಿನ ಕಾರ್ಖಾನೆ ತಲೆಯೆತ್ತಿದ್ದರ ಹಿಂದೆ ಇದೇ ಒತ್ತಡವಿತ್ತು. ಗುಳೇದಗುಡ್ಡದ ನೇಕಾರನಿಗೆ ಕಸಬು ಕೈಯಲ್ಲೇ ಇತ್ತು. ಆದರೆ ಸಭೆ ಸೇರಿದನೆಂದು ನೂಲು ಕೊಡುವ, ನೇಯ್ದದ್ದನ್ನು ಕೊಳ್ಳುವ ಸಾಹುಕಾರ ಬಾಗಿಲು ಹಾಕಿದರೆ ಆ ಕೈ ಏನು ಮಾಡೀತು? ಬೋಧನೆಯಷ್ಟೇ ನೂಲಿನ ಲೆಕ್ಕವೂ ಈ ಸಂಸ್ಥೆಯ ಚರಿತ್ರೆ ಎನ್ನುವುದು ನನ್ನ ವಾದ.

ಇನ್ನು ಧಾರವಾಡಕ್ಕೆ ಹೋದರೆ, ಅಲ್ಲಿ ಮೊದಲು ಕಣ್ಣಿಗೆ ಬೀಳುವ ಗೋರಿ ಮಿಶನ್ನಿನದಲ್ಲ, ಕಲೆಕ್ಟರ್ ಥ್ಯಾಕರೆಯದು. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಚೆನ್ನಮ್ಮನ ಪಡೆಯ ಎದುರು ಸತ್ತವನು. ಗುಂಡು ಹಾರಿಸಿದವನು ಅಮಟೂರು ಬಾಳಪ್ಪ. ಸೋತ ಅಧಿಕಾರಿಗೂ ಎತ್ತರದ ಕಲ್ಲು ನಿಂತಿತು. ಪಾದ್ರಿಗಳ ಮನೆಯವರಿಗೆ ಆ ಭಾಗ್ಯ ಎಲ್ಲಿಯದು? ಮಿಶನ್ನಿನ ಪಾದ್ರಿ ಕಿಟೆಲ್ಲರನ್ನೇ ನೋಡಿ. 1853ರಲ್ಲಿ ಬಂದು ಧಾರವಾಡ, ಹುಬ್ಬಳ್ಳಿಗಳ ಕಡೆ ಕನ್ನಡ ಕಲಿತರು. 1894ರಲ್ಲಿ ಅವರ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂತು, 1903ರಲ್ಲಿ ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ತೀರಿಕೊಂಡರು. ಬೆಂಗಳೂರಿನ ಮಹಾತ್ಮಾ ಗಾಂಧಿ ರಸ್ತೆಯಲ್ಲಿ ಅವರ ಪ್ರತಿಮೆಯಿದೆ. ಮೊದಲ ಹೆಂಡತಿ ಪೌಲಿನಾ ಮದುವೆಯಾಗಿ ನಾಲ್ಕೇ ವರ್ಷಕ್ಕೆ, 1864ರಲ್ಲಿ, ಮಂಗಳೂರಿನಲ್ಲಿ ಕಣ್ಣುಮುಚ್ಚಿದಳು. ನಿಘಂಟಿನ ಸಂಭ್ರಮದಲ್ಲಿ ಆಕೆಯ ಹೆಸರೆತ್ತುವವರು ಕಡಿಮೆ.

1914ರ ಯುದ್ಧ ಎಲ್ಲವನ್ನೂ ತಲೆಕೆಳಗು ಮಾಡಿತು. ಜರ್ಮನ್ ಪಾದ್ರಿಗಳು ಶತ್ರುದೇಶದವರಾಗಿ ಅಹಮದನಗರದಂಥ ಶಿಬಿರಗಳಿಗೆ, ಅಲ್ಲಿಂದ ತಮ್ಮ ದೇಶಕ್ಕೆ ಹೋದರು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಗದಗ-ಬೆಟಗೇರಿಯ ಜನ ಮಾತ್ರ ಮಿಶನ್ನಿನ ದವಾಖಾನೆಯನ್ನು ಇಂದಿಗೂ ‘ಜರ್ಮನ್ ಆಸ್ಪತ್ರೆ’ ಎಂದೇ ಕರೆಯುತ್ತಾರೆ. ಸಭೆಗಳು ಊರಿನ ಸಭಾಪಾಲಕರು, ಉಪದೇಶಿಗಳು, ಹಿರಿಯರ ಕೈಗೆ ಬಂದವು. ಇಂದಿನ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಕರ್ನಾಟಕ ಉತ್ತರ ಸಭಾಪ್ರಾಂತ ಇವರ ಬೆನ್ನಿಗೇ ಬಂದದ್ದು. ಸಭೆಯ ಸ್ಮರಣ ಸಂಚಿಕೆಗಳಲ್ಲಿ ಅಚ್ಚಾಗುವ ಭಾವಚಿತ್ರಗಳು ಮಾತ್ರ ಇನ್ನೂ ಗಡ್ಡದ ಜರ್ಮನರವೇ.